ಸೋತವರು ಏನು ನೋಡ್ತಾರೆ?

"ಸೋತವರು ಏನು ನೋಡ್ತಾರೆ ಸಾರ್?"

ನಾಗರಬಾವಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಮೇಡಂ ಈ ಪ್ರಶ್ನೆ ಕೇಳಿದಾಗ ನಾನು ನಕ್ಕುಬಿಟ್ಟೆ. ಹೊಸ ಬಿಸಿನೆಸ್ಸಿನ ಐಡಿಯಾ ಇರುವವರು ಅಲ್ಲಿಗೆ ಬಂದು ಹೇಳಿಕೊಳ್ಳಬಹುದು. ದುಡ್ಡು, ಅನುಭವ ಎರಡೂ ಇರುವ ಮೂರು ಜನ ಎದುರಿಗೆ ಕೂತು ಸರಿತಪ್ಪು ಹೇಳುತ್ತಾರೆ. ಅದಕ್ಕೆ ಫೀಡ್‌ಬ್ಯಾಕ್ ಅನ್ನುತ್ತಾರೆ. ಬಂದಿದ್ದವರೆಲ್ಲ ಲ್ಯಾಪ್‌ಟಾಪ್ ತಂದಿದ್ದರು. ನಾನು ಒಂದು ಸೆಟ್‌ಟಾಪ್ ಬಾಕ್ಸ್ ತಂದಿದ್ದೆ.

ಆರ್‌ಪಿಸಿ ಲೇಔಟಿನ ಸುತ್ತಮುತ್ತ ಟಿವಿ ಕೇಬಲ್ ಎಳೆದವನು ನಾನು. ಎಷ್ಟು ಓದಿದ್ದೀರಿ ಅಂತ ಅಲ್ಲಿ ಯಾರೂ ಕೇಳಲಿಲ್ಲ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಂತ ನಾನೂ ಹೇಳಲಿಲ್ಲ. ಹೇಳಿದ್ದು ಇಷ್ಟೇ: ಮನೆಗಳು ನನ್ನ ಕೈಬಿಡುತ್ತಿವೆ. ಫೈಬರ್ ಇಂಟರ್ನೆಟ್ಟಿನವರು ಬಂದಿದ್ದಾರೆ, ಜನ ಫೋನಿನಲ್ಲೇ ಸಿನಿಮಾ ನೋಡುತ್ತಾರೆ. ಅದಕ್ಕೆ ನನ್ನ ಐಡಿಯಾ ಒಂದು ಚಾನೆಲ್. ಕೇಬಲ್‌ನಲ್ಲೂ ಬರಬೇಕು, ಫೋನಿನ ಆ್ಯಪ್‌ನಲ್ಲೂ ಬರಬೇಕು. ಮುಂದಿನ ಸಿನಿಮಾ ಯಾವುದು ಅಂತ ನೋಡುವವರೇ ಓಟು ಹಾಕಬೇಕು. ಗೆದ್ದದ್ದು ಎಲ್ಲರ ಮನೆಯಲ್ಲೂ ಒಂದೇ ಹೊತ್ತಿಗೆ ಬರಬೇಕು. ನಮ್ಮಲ್ಲಿ ನಿಂತರೆ ಬಸವೇಶ್ವರನಗರಕ್ಕೊಂದು, ಕೆಂಗೇರಿಗೊಂದು, ಹೀಗೆ ಏರಿಯಾಕ್ಕೊಂದು ಚಾನೆಲ್.

ಎದುರಿಗಿದ್ದ ಮೊದಲನೆಯವರು ಸಿನಿಮಾಗಳ ಹಕ್ಕಿನ ಬಗ್ಗೆ ಕೇಳಿದರು. ಗಾಂಧಿನಗರದಲ್ಲಿ ಹಳೇ ಸಿನಿಮಾಗಳ ಹಕ್ಕು ಇಟ್ಟುಕೊಂಡವರ ಜೊತೆ ಮಾತಾಗಿದೆ, ಪೇಪರ್ ಪಕ್ಕಾ ಇದೆ ಅಂದೆ. ಎರಡನೆಯವರು, "ಫೋನಲ್ಲಿ ಬೇಕಾದ್ದೆಲ್ಲ ಸಿಗುವಾಗ ಓಟ್ ಯಾಕೆ ಹಾಕ್ತಾರೆ?" ಅಂದರು.

"ಬೇಕಾದ್ದು ಯಾವ್ದು ಅಂತ ಗೊತ್ತಿದ್ರೆ ತಾನೇ ಸಾರ್? ತಟ್ಟೆಗೆ ಊಟ ಹಾಕ್ಕೊಂಡು ಹುಡುಕ್ತಾ ಕೂತ್ಕೋತಾರೆ. ಊಟ ಮುಗೀತದೆ, ಸಿನಿಮಾ ಸಿಕ್ಕಿರಲ್ಲ."

ಕೋಣೆಯೆಲ್ಲ ನಕ್ಕಿತು. ಆಮೇಲೆ ಬಂದದ್ದು ಮೂರನೆಯವರಾದ ಆ ಮೇಡಂ ಪ್ರಶ್ನೆ. ನಗು ಇನ್ನೂ ಬಿಸಿ ಇತ್ತು, ನಾನು ಅದೇ ಜೋರಿನಲ್ಲಿ ಉತ್ತರ ಕೊಟ್ಟೆ.

"ಗೆದ್ದಿದ್ದನ್ನೇ ನೋಡ್ತಾರೆ ಮೇಡಂ. ಎಲೆಕ್ಷನ್ನಲ್ಲಿ ನಮ್ ಕ್ಯಾಂಡಿಡೇಟ್ ಸೋತ ಅಂತ ಯಾರಾದ್ರೂ ಊರು ಬಿಟ್ಟು ಹೋಗ್ತಾರಾ?"

ಮತ್ತೆ ನಗು. ಮೇಡಂ ಮಾತ್ರ ನಗಲಿಲ್ಲ. "ಊರು ಬಿಡೋದು ಕಷ್ಟ ಸಾರ್. ಚಾನೆಲ್ ಬಿಡೋಕೆ ಒಂದು ಬಟನ್ ಸಾಕು," ಅಂದು ಏನನ್ನೋ ಬರೆದುಕೊಂಡರು. ಕೊನೆಗೆ ಅವರೇ ತೀರ್ಪು ಹೇಳಿದರು. "ನಿಮ್ಮ ಏರಿಯಾದಲ್ಲೇ ನಡೆಸಿ ನೋಡಿ. ದಸರಾ ಆದ್ಮೇಲೆ ಬನ್ನಿ. ನಿಂತಿದ್ರೆ ನಾವು ದುಡ್ಡು ಹಾಕಿ ಜೊತೆಗೆ ಬರ್ತೀವಿ."

ದಸರಾ ಅನ್ನುವ ಗಡುವು ನನಗೆ ಇನ್ನೊಂದು ಕಡೆಯಿಂದಲೂ ಬಂದಿತ್ತು. ಫೈಬರ್ ಕಂಪನಿಯವರು ನನ್ನ ಲೈನುಗಳನ್ನು ಪೂರ್ತಿ ಕೊಂಡುಕೊಳ್ಳಲು ತಯಾರಿದ್ದರು. ಹಬ್ಬ ಮುಗಿದ ವಾರದೊಳಗೆ ಹೌದು ಅಥವಾ ಇಲ್ಲ ಅನ್ನಬೇಕಿತ್ತು. ಚಾನೆಲ್ ನಿಂತರೆ ಲೈನು ನನ್ನದೇ. ಬಿದ್ದರೆ ನಾನೇ ಕಂಬ ಹತ್ತಿ ಎಳೆದ ತಂತಿಯನ್ನು ನಾನೇ ಇನ್ನೊಬ್ಬರ ಕೈಗೆ ಕೊಡಬೇಕು.

ಸಾಫ್ಟ್‌ವೇರ್ ಮಾಡಲು ನಾಗರಬಾವಿಯಲ್ಲೇ ರೂಮು ಮಾಡಿಕೊಂಡಿದ್ದ ಧಾರವಾಡದ ಕಡೆಯ ಇಂಜಿನಿಯರ್ ಒಬ್ಬರು ಸಿಕ್ಕರು. ಕೆಲಸ ಬಿಟ್ಟು ಸ್ವಂತದ್ದು ಮಾಡಬೇಕೆಂದು ಕೂತಿದ್ದರು. ನಮ್ಮ ಕಂಟ್ರೋಲ್ ರೂಮು ಒಂದು ಮನೆಯ ತಾರಸಿಯ ಮೇಲಿನ ಶೀಟಿನ ಕೋಣೆ. ಬಿಸಿಲು ಏರಿದರೆ ಮಿಷನ್ನುಗಳಿಗೆ ಫ್ಯಾನು ಹಾಕಿ ನಾವು ಬೆವರುತ್ತಾ ಕೂರಬೇಕು. ಅಲ್ಲೇ ಕೂತು ಅವರು ಕೆಲಸ ಶುರು ಮಾಡಿದರು.

ಓಟು ಹೇಗೆ ಹಾಕಿಸುವುದು? ಆ್ಯಪ್ ತೆರೆದು ಒತ್ತಲಿ ಅಂದರು ಅವರು. ನಾನು ಮಿಸ್ಡ್ ಕಾಲ್ ಅಂದೆ. ಪರದೆಯ ಕೆಳಗೆ ಮೂರು ಸಿನಿಮಾ, ಮೂರು ಫೋನ್ ನಂಬರ್. ಬೇಕಾದ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಒಂದು ಓಟು. ಸಿನಿಮಾ ಮುಗಿಯುವ ಹೊತ್ತಿಗೆ ಎಣಿಕೆ ನಿಲ್ಲುತ್ತದೆ, ಗೆದ್ದದ್ದು ತಾನಾಗಿ ಶುರುವಾಗುತ್ತದೆ. ಮಧ್ಯೆ ಯಾರೂ ಕೈ ಹಾಕುವ ಹಾಗಿಲ್ಲ, ನಾನೂ ಹಾಕುವ ಹಾಗಿಲ್ಲ. ಇದನ್ನು ನಾನೇ ಕೇಳಿ ಮಾಡಿಸಿದೆ, ಚಾನೆಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದೆ: ಇಲ್ಲಿ ನಿಮ್ಮ ಓಟೇ ಮಾಲೀಕ.

ಶುರುವಾದ ವಾರವೇ ಬೇಕರಿಯ ಮುಂದೆ ಗಲಾಟೆ. ಬೇಕರಿಯ ಗೋಡೆಯ ಟಿವಿಯಲ್ಲಿ ಓಟು ಮುಗಿದು ಹೊಸ ಸಿನಿಮಾದ ಟೈಟಲ್ ಬರುತ್ತಿದೆ, ಅಲ್ಲೇ ಟೀ ಕುಡಿಯುತ್ತಿದ್ದವನ ಫೋನಿನಲ್ಲಿ ‘ಓಟು ಹಾಕಿ’ ಅಂತ ಇನ್ನೂ ಬರುತ್ತಿದೆ. ಅವನು ಓಟು ಹಾಕಿದ, ಲೆಕ್ಕಕ್ಕೆ ಬರಲಿಲ್ಲ. ಮೋಸ ಅಂದ. ಮೋಸವಲ್ಲ. ಕೇಬಲ್ಲಿನ ಸಿಗ್ನಲ್ ಕೂಡಲೇ ತಲುಪುತ್ತದೆ. ಫೋನಿಗೆ ಹೋಗುವುದು ಇಂಟರ್ನೆಟ್ಟಿನಲ್ಲಿ ತುಂಡುತುಂಡಾಗಿ ಹೋಗಿ, ಒಂದಷ್ಟು ತುಂಡು ಸೇರಿದ ಮೇಲೆ ಕಾಣುತ್ತದೆ. ಅದಕ್ಕೆ ಅರ್ಧ ನಿಮಿಷ ಹಿಂದೆ. ಫೋನನ್ನು ಮುಂದಕ್ಕೆ ತರಲು ಎಷ್ಟು ಒದ್ದಾಡಿದರೂ ಆಗಲಿಲ್ಲ. ಕೊನೆಗೆ ಕೇಬಲ್ಲನ್ನೇ ಅಷ್ಟು ಹೊತ್ತು ಹಿಡಿದಿಟ್ಟು ಬಿಡುವ ಹಾಗೆ ಮಾಡಿದೆವು. ಸಿಗ್ನಲ್ ಬೇಗ ತಲುಪಿಸಲು ಜೀವಮಾನವೆಲ್ಲ ಕಂಬ ಹತ್ತಿದವನು, ಬೇಕೆಂದೇ ತಡ ಮಾಡಿದೆ. ಆ ಬಟನ್ ಒತ್ತುವಾಗ ನನಗೆ ಹಿಡಿಸಲಿಲ್ಲ.

ಅದು ಸರಿಹೋಯಿತು ಅನ್ನುವಷ್ಟರಲ್ಲಿ ಇಂಜಿನಿಯರ್ ಇನ್ನೊಂದು ಹಿಡಿದುಕೊಂಡು ಬಂದರು.

"ಅಣ್ಣಾರ, ಯಾವಾಗ ನೋಡಿದ್ರೂ ಒಂದನೇ ನಂಬರ್ರ ಗೆಲ್ಲಾಕತ್ತೈತ್ರಿ."

"ಒಳ್ಳೆ ಸಿನಿಮಾ ಇರ್ಬೇಕು."

"ಸಿನಿಮಾ ಬದಲಿಸಿದ್ರೂ ಒಂದನೇದ ಗೆಲ್ತೈತಿ. ನಿನ್ನಿ ಬೇಕಂತ ಅರ್ಧ ಹರಿದ ಪ್ರಿಂಟ್ ಇಟ್ಟೆ. ಅದೂ ಗೆದ್ದೈತಿ!"

ಅವರು ಸಾಫ್ಟ್‌ವೇರೆಲ್ಲ ಜಾಲಾಡಿದರು. ಎಣಿಕೆ ಸರಿಯಿತ್ತು, ನಂಬರುಗಳೂ ನಿಜವಾದವು, ಎಲ್ಲ ನಮ್ಮ ರಸ್ತೆಯವೇ. ನಾನು ಕೆಳಗಿಳಿದು ರಸ್ತೆಗೆ ಹೋದೆ. ಶುರುವಿನಿಂದ ನನ್ನ ಜೊತೆಗಿರುವ ಲೈನ್‌ಮ್ಯಾನ್, ಬಿಲ್ಲು ವಸೂಲಿಗೆಂದು ಒಂದು ಗೇಟಿನ ಮುಂದೆ ನಿಂತು ಕೈಮುಗಿಯುತ್ತಿದ್ದ.

"ಮರೀಬೇಡಿ ಆಂಟಿ, ಒಂದನೇ ನಂಬರ್ರು. ನಮ್ಮಣ್ಣಂದು."

ಪಕ್ಕಕ್ಕೆ ಎಳೆದುಕೊಂಡೆ. "ಏನೋ ಇದು?"

"ಪ್ರಚಾರ ಅಣ್ಣ."

"ಯಾರೋ ಹೇಳಿದ್ದು ನಿಂಗೆ?"

"ಓಟು ಅಂದ್ರಲ್ಲ ಅಣ್ಣ. ಓಟು ಅಂದ್ಮೇಲೆ, ನಿಮ್ ನಂಬರ್ ಯಾವ್ದಪ್ಪ ಅಂತ ಜನ ಕೇಳಲ್ವಾ? ಯಾವ್ದಕ್ಕಾದ್ರೂ ಹಾಕಿ ಅಂದ್ರೆ ಮುಖಕ್ಕೆ ಉಗೀತಾರೆ."

ಅಷ್ಟರಲ್ಲಿ ಪಕ್ಕದ ಮನೆಯ ಯಜಮಾನರು ಕಾಂಪೌಂಡಿನ ಮೇಲಿಂದ ಬಗ್ಗಿದರು. "ಏನಪ್ಪಾ ಕೇಬಲ್ಲು, ಮನೇಲಿ ನಾಲ್ಕು ಫೋನಿಂದಾನೂ ಹಾಕಿದೀವಿ. ಒಂದು ಕುಕ್ಕರ್ರಾದ್ರೂ ಬರುತ್ತೋ ಇಲ್ವೋ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿನಿಮಾಗೆ ಯಾರೂ ಓಟು ಹಾಕಿರಲಿಲ್ಲ, ನನಗೆ ಹಾಕಿದ್ದರು. ಓಟು ಅನ್ನುವ ಮಾತು ನಮ್ಮ ರಸ್ತೆಯಲ್ಲಿ ಎಷ್ಟು ತಿಂದು ಕುಡಿದು ಬಂದಿದೆ ಅಂತ ನಾನು ಯೋಚಿಸಿರಲಿಲ್ಲ. ಮೊದಲು ನಮ್ಮ ಲೋಕಲ್ ಚಾನೆಲ್ ಇದ್ದಾಗ ಜನ ಲ್ಯಾಂಡ್‌ಲೈನಿಂದ ಫೋನ್ ಮಾಡಿ ಬೇಕಾದ ಹಾಡು, ಸಿನಿಮಾ ಕೇಳುತ್ತಿದ್ದರು. ಅದಕ್ಕೆ ಕೋರಿಕೆ ಅನ್ನುತ್ತಿದ್ದೆವು. ಕೋರಿಕೆ ಇವತ್ತಲ್ಲದಿದ್ದರೆ ನಾಳೆ ಬರುತ್ತಿತ್ತು, ಕೇಳಿದವರ ಹೆಸರು ಪರದೆಯ ಮೇಲೆ ಓಡುತ್ತಿತ್ತು. ಈಗ ನಾನೇ ಓಟು ಅಂತ ಬರೆಸಿದ್ದೆ. ಹೊಸ ಕಾಲಕ್ಕೆ ಹೊಸ ಮಾತು ಇರಲಿ ಅಂತ.

ಪ್ರಚಾರ ನಿಲ್ಲಿಸು ಅಂದೆ. ನಿಲ್ಲಿಸಿದ. ಓಟುಗಳೂ ನಿಂತವು. "ಈಗ ನಮ್ ಓಟು ಬೇಡ್ವಂತೆ," ಅಂತ ಆ ಆಂಟಿ ಹಾಲಿನ ಬೂತಿನ ಹತ್ತಿರ ನಾಲ್ಕು ಜನರಿಗೆ ಹೇಳಿದರು.

ಖಾಲಿಯಾದ ಜಾಗಕ್ಕೆ ಅಭಿಮಾನಿಗಳು ನುಗ್ಗಿದರು. ಇಬ್ಬರು ದೊಡ್ಡ ಹೀರೋಗಳ ಹಳೇ ಸಿನಿಮಾಗಳು ನಮ್ಮ ಪಟ್ಟಿಯಲ್ಲಿದ್ದವು. ಒಬ್ಬರ ಸಿನಿಮಾ ಇನ್ನೊಬ್ಬರದರ ಎದುರು ಸೋತ ಫೋಟೋ ಫೋನಿನಿಂದ ಫೋನಿಗೆ ಹರಿದಾಡಿತು. ಅಷ್ಟೇ ಸಾಕಾಯಿತು. ನಾಯಂಡಹಳ್ಳಿಯ ಗ್ಯಾರೇಜುಗಳಿಂದ, ಆಟೋ ಸ್ಟ್ಯಾಂಡುಗಳಿಂದ, ಎಲ್ಲೆಲ್ಲಿಂದಲೋ ಮಿಸ್ಡ್ ಕಾಲ್ ಸುರಿಯತೊಡಗಿದವು. ಎರಡು ಬಾರಿ ಫೋನ್ ಲೈನೇ ಕಟ್ಟಿಕೊಂಡಿತು. ಓಟಿನ ಗೆರೆ ಕಂಪ್ಯೂಟರಿನಲ್ಲಿ ಏಣಿ ಇಟ್ಟ ಹಾಗೆ ಮೇಲಕ್ಕೆ ಹೋಯಿತು. ನಾನು ಆ ಗೆರೆ ನೋಡುತ್ತಾ ಮೇಡಂಗೆ ಹೇಳಬೇಕಾದ ಮಾತು ಜೋಡಿಸಿಕೊಂಡೆ.

ಇಂಜಿನಿಯರ್ ಪಕ್ಕದ ಇನ್ನೊಂದು ಗೆರೆ ತೋರಿಸಿದರು. ಅದು ಆ್ಯಪ್ ನೋಡುತ್ತಿರುವವರದ್ದು. ನೆಲ ಹಿಡಿದಿತ್ತು.

"ಓಟ್ ಹಾಕಿದ ಮಂದಿ ನೋಡಾಕತ್ತಿಲ್ರಿ ಅಣ್ಣಾರ. ಗೆಲ್ಲಿಸಿ ಹೊಂಟ್ ಹೋಗ್ತಾರ."

"ಫೋನಲ್ಲಿ ನೋಡಲ್ಲ ಅಷ್ಟೇ. ಕೇಬಲ್ಲಲ್ಲಿ ನೋಡ್ತಿರ್ತಾರೆ."

ಕೇಬಲ್ಲಿನಲ್ಲಿ ಯಾರು ಏನು ನೋಡುತ್ತಿದ್ದಾರೆ ಅನ್ನುವುದು ನಮ್ಮ ಮಿಷನ್ನಿಗೆ ತಿಳಿಯುವುದಿಲ್ಲ. ಅದನ್ನು ತಿಳಿಯುವ ಹಳೇ ದಾರಿ ನನಗೆ ಗೊತ್ತು. ಮಧ್ಯಾಹ್ನ ಊಟವಾದ ಮೇಲೆ, ಕಿಟಕಿಗಳು ತೆರೆದಿರುವ ಹೊತ್ತಿನಲ್ಲಿ, ಕಿವಿ ಬಿಟ್ಟುಕೊಂಡು ರಸ್ತೆಯಲ್ಲಿ ನಡೆಯುವುದು. ಮೊದಲ ಕ್ರಾಸು ನಡೆದೆ. ಸೀರಿಯಲ್ಲು, ನ್ಯೂಸು, ಕ್ರಿಕೆಟ್ಟು, ಕುಕ್ಕರಿನ ಸೀಟಿ. ಎರಡನೇ ಕ್ರಾಸು. ಯಾರೋ ಫೋನಿನಲ್ಲಿ ಭಜನೆ ಹಾಕಿದ್ದರು. ನನ್ನ ಚಾನೆಲ್ಲಿನಲ್ಲಿ ಆಗ ದೊಡ್ಡ ಹೊಡೆದಾಟ ನಡೆಯುತ್ತಿತ್ತು ಅಂತ ನನಗೆ ಗೊತ್ತಿತ್ತು. ಆ ಸದ್ದು ಯಾವ ಕಿಟಕಿಯಿಂದಲೂ ಬರಲಿಲ್ಲ. ಬೇಕರಿಯ ಟಿವಿಯಲ್ಲೂ ಬೇರೆಯದಿತ್ತು. ಲೇಔಟ್ ಪೂರ್ತಿ ಸುತ್ತಿ ಬಂದು ತಾರಸಿಯ ಮೆಟ್ಟಿಲ ಮೇಲೆ ಕೂತೆ. ಮೇಲೆ ಕೋಣೆಯಲ್ಲಿ ಮಿಸ್ಡ್ ಕಾಲಿನ ಮಿಷನ್ನು ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಇಲ್ಲಿ ದೊಡ್ಡಮ್ಮನ ವಿಷಯ ಹೇಳಬೇಕು. ಲೇಔಟ್ ಆಗುವುದಕ್ಕೆ ಮೊದಲು ಇಲ್ಲೇ ರಾಗಿ ಬೆಳೆಯುತ್ತಿದ್ದ ಮನೆಯವರು. ನನ್ನ ಮೊದಲ ಕನೆಕ್ಷನ್ ಅವರದ್ದು. ಸಂಬಂಧವೇನಿಲ್ಲ, ಊರಿಗೆಲ್ಲ ಅವರು ದೊಡ್ಡಮ್ಮ. ಶನಿವಾರ ಒಪ್ಪೊತ್ತು ಇದ್ದು, ಮಧ್ಯಾಹ್ನ ಒಂದು ಪೌರಾಣಿಕ ಸಿನಿಮಾ ನೋಡುವುದು ಅವರ ಪದ್ಧತಿ. ಕೋರಿಕೆ ಕಾಲದಲ್ಲಿ ಶನಿವಾರದ ಸಿನಿಮಾ ಅವರದ್ದೇ. ಓಟು ಬಂದ ಮೇಲೆ ಅವರೂ ಶನಿವಾರ ಶನಿವಾರ ಮಿಸ್ಡ್ ಕಾಲ್ ಕೊಟ್ಟರು, ಸೋತರು. ಗೇಟಿನ ಹತ್ತಿರ ಸಿಕ್ಕರೆ ಬಿಡುತ್ತಿರಲಿಲ್ಲ.

"ಯಾಕ್ಲಾ ಮಗಾ, ನನ್ ಓಟು ಎಲ್ಗೋಯ್ತು?"

"ಅಲ್ಲೇ ಇದೆ ದೊಡ್ಡಮ್ಮ. ಕಮ್ಮಿ ಬಿತ್ತು."

"ಒಂದ್ ಕಿತ ನೀನೇ ಹಾಕ್ಬುಡು. ಯಾರ್ಗೆ ಗೊತ್ತಾಯ್ತದೆ?"

"ನನ್ ಕೈಲಿಲ್ಲ ದೊಡ್ಡಮ್ಮ. ಓಟ್ ಬಂದ್ರೆ ತಾನಾಗೇ ಬರ್ತದೆ."

"ನಿನ್ ಚಾನಲ್ಲು ನಿನ್ ಕೈಲಿಲ್ವಾ! ಇದೊಳ್ಳೆ ಕತೆಯಾಯ್ತು."

ಇಂಜಿನಿಯರಿಗೆ ಹೇಳಿದಾಗ ಅವರು ಒಂದು ಉಪಾಯ ಕೊಟ್ಟಿದ್ದರು. ಸೋತ ಸಿನಿಮಾದ ಓಟುಗಳನ್ನು ಅಳಿಸದೆ ಮುಂದಿನ ವಾರಕ್ಕೆ ಉಳಿಸುವುದು. ಸೋತು ಸೋತು ಗುಡ್ಡೆಯಾಗಿ ಒಂದು ದಿನ ಅದೂ ಗೆಲ್ಲುತ್ತದೆ. ನಾನು ಒಪ್ಪಿರಲಿಲ್ಲ. ಸೋತದ್ದನ್ನು ಗೆಲ್ಲಿಸುವುದಾದರೆ ಓಟು ಯಾಕೆ? ಹಾಕಿದ ರೂಲು ಹಾಕಿದ ಹಾಗಿರಬೇಕು. ಹಾಗಂದಿದ್ದೆ.

ಕಿಟಕಿಗಳ ಕೆಳಗೆ ನಡೆದುಬಂದ ಮರುದಿನ ಬೆಳಿಗ್ಗೆ ದೊಡ್ಡಮ್ಮ ತಾವೇ ಕಂಟ್ರೋಲ್ ರೂಮಿನ ಮೆಟ್ಟಿಲು ಹತ್ತಿ ಬಂದರು. ಅಷ್ಟು ಎತ್ತರ ಅವರು ಯಾವತ್ತೂ ಹತ್ತಿದವರಲ್ಲ. ಸೆರಗಿನಲ್ಲಿ ಸುತ್ತಿಕೊಂಡಿದ್ದ ಸೆಟ್‌ಟಾಪ್ ಬಾಕ್ಸು ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದ ಗುರುತು ಇನ್ನೂ ಇತ್ತು. ರಿಮೋಟಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.

"ಮೊಮ್ಮಗ ಫೈಬರ್ರು ಹಾಕ್ಸವ್ನೆ. ನಿಂದು ನಿಂಗೇ ಇರ್ಲಿ ಅಂತ ತಂದೆ."

ಯಾಕೆ ದೊಡ್ಡಮ್ಮ ಅಂತ ಕೇಳಿದೆ. ಕೇಳಬಾರದಿತ್ತು.

"ವಾರ ವಾರ ಸೋಲಕ್ಕೆ ಟಿವಿ ಯಾಕ್ಲಾ? ಸೋಲೋದು ಮನೇಲಿ ಬೇಕಾದಷ್ಟದೆ."

ಲೈನ್‌ಮ್ಯಾನ್ ಅವರ ಕೈ ಹಿಡಿದು ಮೆಟ್ಟಿಲು ಇಳಿಸಿ ಬಂದ. ಬಾಕ್ಸನ್ನು ಬಟ್ಟೆಯಿಂದ ಒರೆಸಿ, ವಾಪಸ್ ಬಂದ ಬಾಕ್ಸುಗಳ ರಾಶಿಯ ಮೇಲಿಡದೆ, ಬೇರೆಯಾಗಿ ಇಟ್ಟ.

ಆವತ್ತೇ ಇಂಜಿನಿಯರಿಗೆ ಹೇಳಿದೆ, ಸೋತ ಓಟು ಉಳಿಯಲಿ ಅಂತ. ರೂಲು ಬದಲಾಗಿದೆ ಅಂತ ಚಾನೆಲ್ಲಿನಲ್ಲೂ ಹಾಕಿದೆವು. ಶುರುವಿನಿಂದ ಬಿದ್ದಿದ್ದ ಓಟುಗಳನ್ನೆಲ್ಲ ಕೂಡಿಸಿದಾಗ ಪೌರಾಣಿಕಕ್ಕೂ ಒಂದು ಗುಡ್ಡೆಯಿತ್ತು. ದೊಡ್ಡಮ್ಮನ ಹಾಗೆ ಹಾಕಿ ಹಾಕಿ ಸೋತವರು ಬೇರೆಯವರೂ ಇದ್ದರು. ನಮಗೆ ಗೊತ್ತಿರಲಿಲ್ಲ, ಸೋತವರನ್ನು ನಾವು ನೋಡಿಯೇ ಇರಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಅದು ಗೆದ್ದಿತು. ಪರದೆಯ ಮೇಲೆ ದೇವಲೋಕದ ಸೆಟ್ಟು, ಹೊಗೆ, ತಂಬೂರಿ. ನಾನು ಚಪ್ಪಲಿ ಮೆಟ್ಟಿಕೊಂಡು ದೊಡ್ಡಮ್ಮನ ಮನೆಗೆ ನಡೆದೆ. ದಾರಿಯಲ್ಲಿ ಎರಡು ಕಿಟಕಿಯಿಂದ ನನ್ನ ಚಾನೆಲ್ಲಿನ ಸದ್ದು ಕೇಳಿತು. ಎರಡೇ.

ದೊಡ್ಡಮ್ಮ ನಡುಮನೆಯಲ್ಲಿ ಕೂತಿದ್ದರು. ಗೋಡೆಯ ದೊಡ್ಡ ಹೊಸ ಟಿವಿಯಲ್ಲಿ ಅದೇ ಸಿನಿಮಾ ಓಡುತ್ತಿತ್ತು, ಫೈಬರಿನಲ್ಲಿ. ಇನ್ನೂ ಚೆನ್ನಾಗಿ, ಇನ್ನೂ ಬಣ್ಣವಾಗಿ ಕಾಣುತ್ತಿತ್ತು. ಅವರು ನೋಡುತ್ತಿರಲಿಲ್ಲ, ಅಲಸಂದೆಕಾಯಿ ಸುಲಿಯುತ್ತಿದ್ದರು.

"ದೊಡ್ಡಮ್ಮ, ನಿಮ್ದು ಗೆದ್ದಿದೆ. ನಮ್ ಚಾನೆಲ್ಲಲ್ಲಿ ಬರ್ತಾ ಇದೆ."

"ಬರ್ಲಿ ಬಿಡು. ಇಲ್ಲೂ ಬತ್ತಾ ಅದಲ್ಲ. ಯಾವಾಗ್ ಕೇಳಿದ್ರೂ ಹಾಕ್ಕೊಡ್ತಾನೆ ಮೊಮ್ಮಗ." ಒಂದು ಕಾಯಿ ಸುಲಿದು ಮೊರಕ್ಕೆ ಹಾಕಿದರು. "ಆದ್ರೆ ಬೇಜಾರು ಕಣ್ಲಾ. ಆಗೆಲ್ಲಾ ನಾನ್ ಕೇಳಿದ್ದು ಬೀದೀಗೆಲ್ಲಾ ಬರೋದು. ಎದುರು ಮನೆಯವ್ಳು ಕಣ್ಣೀರ್ ಹಾಕ್ಕೊಂಡು ಬಾಗ್ಲಿಗೆ ಬರೋಳು, 'ಅಕ್ಕಾ ನೋಡಿದ್ರಾ' ಅಂತ. ಈಗ ನಾನೊಬ್ಳೇ ನೋಡ್ಬೇಕು."

ನನ್ನ ಐಡಿಯಾವನ್ನು ಅಷ್ಟು ಚೆನ್ನಾಗಿ ನಾಗರಬಾವಿಯಲ್ಲಿ ನಾನೇ ಹೇಳಿರಲಿಲ್ಲ. ಹೇಳುವ ಹೊತ್ತು ಮೀರಿತ್ತು. ಅಲ್ಲೇ ನಿಂತಿದ್ದಾಗ ಲೈನ್‌ಮ್ಯಾನ್ ಫೋನ್ ಮಾಡಿದ.

"ಅಣ್ಣ, ಮೇನ್ ಕೇಬಲ್ಲು ಕಟ್ ಮಾಡವ್ರೆ. ಎರಡು ಕಡೆ."

ಗೆಲ್ಲಬೇಕಾದ ಹೀರೋ ಪೌರಾಣಿಕ ಸಿನಿಮಾದ ಮುನಿಗಳ ಎದುರು ಸೋತಿದ್ದ. ರೂಲು ಬದಲಾದ ಸ್ಲೈಡು ಅಭಿಮಾನಿಗಳು ಯಾಕೆ ನೋಡಿರುತ್ತಾರೆ, ಅವರು ಚಾನೆಲ್ಲೇ ನೋಡುತ್ತಿರಲಿಲ್ಲವಲ್ಲ. ಕೇಬಲ್ಲಿನವನು ದುಡ್ಡು ತಿಂದ ಅಂತ ಮಾತು ಹಬ್ಬಿತ್ತು. ಕತ್ತರಿಸಿದ್ದು ಯಾರು ಅಂತ ಕಂಡವರಿಲ್ಲ. ನಾನು ಮತ್ತು ಲೈನ್‌ಮ್ಯಾನ್ ಏಣಿ ಹಾಕಿ, ಸಂಜೆಯ ಸೀರಿಯಲ್ಲಿನ ಹೊತ್ತಿಗೆ ಒಂದು ಕಡೆ ಜೋಡಿಸಿದೆವು. ಇನ್ನೊಂದು ಕಡೆಯ ಮನೆಗಳು ಮರುದಿನದವರೆಗೂ ಕಾಯಲಿಲ್ಲ. ಫೈಬರಿನವರು ಬೈಕಿನಲ್ಲೇ ಓಡಾಡುತ್ತಿದ್ದರು.

ದಸರಾ ಬಂತು. ಆಯುಧಪೂಜೆಗೆ ಲೈನ್‌ಮ್ಯಾನ್ ಏಣಿಗೆ ಸೇವಂತಿಗೆ ಸುತ್ತಿ, ಕಟಿಂಗ್ ಪ್ಲೇಯರಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ. ಹಬ್ಬ ಮುಗಿದ ಮೇಲೆ ನಾಗರಬಾವಿಗೆ ಹೊರಟಾಗ ಇಂಜಿನಿಯರ್ ಲ್ಯಾಪ್‌ಟಾಪಿನಲ್ಲಿ ಎರಡೂ ಗೆರೆ ಇಟ್ಟುಕೊಂಡಿದ್ದರು.

"ಅಣ್ಣಾರ, ಓಟಿಂದೊಂದ ತೋರಿಸಿದ್ರ ಅವ್ರು ದಂಗ್ ಆಗ್ತಾರ. ಸುಳ್ಳೇನಲ್ಲ, ಓಟು ಖರೇನ ಬಿದ್ದಾವ. ಇನ್ನೊಂದನ್ನ ಅವ್ರು ಕೇಳಿದ್ರ ತೋರಿಸೋಣು."

ಅವರದ್ದೂ ತಪ್ಪಲ್ಲ, ಅವರೂ ಕೆಲಸ ಬಿಟ್ಟು ಕೂತವರು. ನಾಗರಬಾವಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಷ್ಟು ಹೊತ್ತೂ ಯೋಚಿಸಿದೆ. ಆ ಒಂದು ಗೆರೆ ತೋರಿಸಿದರೆ ಲೈನು ಉಳಿಯಬಹುದಿತ್ತು. ಆದರೆ ಸಿಗ್ನಲ್ ಹೋದಾಗ ಯಾವ ಮನೆಗೂ ನಾನು "ನಿಮ್ ಟಿವೀದೇ ತೊಂದ್ರೆ" ಅಂದವನಲ್ಲ. ಸಿಗ್ನಲ್ ಇಲ್ಲದಿದ್ದರೆ ಇಲ್ಲ ಅನ್ನುವವನು. ಅದೊಂದೇ ನನ್ನ ಓದು.

"ಎರಡೂ ತೋರ್ಸಿ," ಅಂದೆ.

ತೋರಿಸಿದರು. ಮೇಡಂ ಬಹಳ ಹೊತ್ತು ನೋಡಿದರು. ಅವರು ಮತ್ತೆ ಕೇಳುವ ಮೊದಲೇ ನಾನು ಹೇಳಿದೆ. "ಹೋದ್ಸಲ ನೀವು ಕೇಳಿದ್ರಿ ಮೇಡಂ, ಸೋತವರು ಏನು ನೋಡ್ತಾರೆ ಅಂತ. ಎದ್ದು ಹೋಗ್ತಾರೆ. ಬಾಕ್ಸು ಸೆರಗಲ್ಲಿ ಸುತ್ಕೊಂಡು ಬಂದು ವಾಪಸ್ ಕೊಟ್ಟು ಹೋಗ್ತಾರೆ."

ಕೋಣೆಯಲ್ಲಿ ಈ ಸಲ ಯಾರೂ ನಗಲಿಲ್ಲ. ಮೇಡಂ, "ಇಷ್ಟು ಸರಿಯಾಗಿ ಯಾರೂ ಬಂದು ಹೇಳಲ್ಲ ಸಾರ್," ಅಂದರು. ಮೆಚ್ಚಿಕೊಂಡರು, ಟೀ ಕೊಡಿಸಿದರು. ಜೊತೆಗೆ ಬರುತ್ತೇವೆ ಅನ್ನಲಿಲ್ಲ.

ಲೈನು ಫೈಬರಿನವರಿಗೆ ಕೊಟ್ಟೆ. ಐಡಿಯಾ ಕೆಟ್ಟದ್ದು ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ. ಓಟು ಅನ್ನುವ ಕಡೆ ಕೋರಿಕೆ ಅಂತ ಬರೆದು, ಸರದಿಯಲ್ಲಿ ಎಲ್ಲರದ್ದೂ ಹಾಕಿದ್ದರೆ ಏನಾಗುತ್ತಿತ್ತೋ. ಅದನ್ನು ನೋಡಲು ಈಗ ನನ್ನ ಹತ್ತಿರ ಕಂಬವಿಲ್ಲ. ಕೊಡುವಾಗ ಒಂದೇ ಷರತ್ತು ಹಾಕಿದೆ: ಲೈನ್‌ಮ್ಯಾನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು. ತೆಗೆದುಕೊಂಡರು, ಹೊಸ ಶರ್ಟು ಕೊಟ್ಟರು.

ಅವರು ನನ್ನ ಕಪ್ಪು ಕೇಬಲ್ಲನ್ನು ಕಂಬದಿಂದ ಇಳಿಸಿ ಸುರುಳಿ ಸುತ್ತುತ್ತಿದ್ದ ದಿನ ನಾನು ಹೋಗಿ ನಿಂತಿದ್ದೆ. ಹೋಗಬೇಕಿರಲಿಲ್ಲ. ಏಣಿಯ ಮೇಲಿದ್ದವನು ನಮ್ಮ ಲೈನ್‌ಮ್ಯಾನೇ. ಏಣಿಯ ಮೇಲಿನ ಹಬ್ಬದ ಹೂವು ಒಣಗಿ ದಾರ ಮಾತ್ರ ಉಳಿದಿತ್ತು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದ. ಕಂಪನಿಯಿಂದ ರೆಕಾರ್ಡ್ ಮಾಡಿದ ಹೆಣ್ಣು ದನಿ: ನಿಮ್ಮ ಹೊಸ ಕೆಲಸ ಹೇಗಿದೆ, ತುಂಬಾ ಚೆನ್ನಾಗಿದ್ದರೆ ಒಂದು ಒತ್ತಿ, ಪರವಾಗಿಲ್ಲ ಅನಿಸಿದರೆ ಎರಡು ಒತ್ತಿ, ಚೆನ್ನಾಗಿಲ್ಲದಿದ್ದರೆ ಮೂರು ಒತ್ತಿ.

ಅವನು ಏಣಿಯ ಮೇಲಿಂದ ನನ್ನನ್ನು ನೋಡಿದ.

"ಅಣ್ಣ, ನಮ್ದು ಯಾವ್ ನಂಬರ್ರು?"

"ನಿಂಗೆ ಅನ್ಸಿದ್ದು ಒತ್ತೋ."

ಆ ದನಿ ಮತ್ತೊಂದು ಸಲ ಮೊದಲಿಂದ ಹೇಳಿ, ಉತ್ತರ ಬರಲಿಲ್ಲವೆಂದು ತಾನೇ ಕಟ್ಟಾಯಿತು. ಅವನು ಫೋನನ್ನು ಹೊಸ ಶರ್ಟಿನ ಜೇಬಿಗೆ ಹಾಕಿಕೊಂಡು, ನನ್ನ ಕೇಬಲ್ಲಿನ ಕೊನೆಯ ಕ್ಲಾಂಪನ್ನು ಸಡಿಲಿಸತೊಡಗಿದ.